ನಾಲ್ಕನೇ ವಿಮಾನದ ಹಸಿ ತೂಕ

ಇಚಿಲಂಪಾಡಿ ಗ್ರಾಮದಲ್ಲಿ ಈ ಸಾಲಿನ ಮುಂಗಾರು ಹಂಗಾಮಿಗೆ ಯುದ್ಧವಿಮಾನದ ಬೆಳೆ ಎರಡೂವರೆ ಸೆಂಟ್ಸ್ ಜಾಗದಲ್ಲಿ ದಾಖಲಾಗಿದೆ. ಹಿಂದಿನ ಸಾಲಿನಲ್ಲಿ ಈ ಬೆಳೆ ಇರಲಿಲ್ಲವಾದ್ದರಿಂದ ಶೇಕಡಾವಾರು ಹೆಚ್ಚಳ ಹೇಳಲು ಬರುವುದಿಲ್ಲ ಎಂದು ವರದಿಯ ಅಡಿಟಿಪ್ಪಣಿಯಲ್ಲಿ ತಿಳಿಸಲಾಗಿದೆ.

ಬೆಳೆಗಾರರ ಹೆಸರು ಅಚ್ಚುತ. ವಾಯುಪಡೆಯಲ್ಲಿ ಇಪ್ಪತ್ತು ವರ್ಷ ವಿಮಾನಗಳ ಹೊಟ್ಟೆಯಡಿ ಸ್ಪ್ಯಾನರ್ ಹಿಡಿದು ಮಲಗಿ, ಒಂದು ಸಲವೂ ಮೇಲೆ ಹಾರದೆ ನಿವೃತ್ತರಾದವರು. ತಾನು ರಿಪೇರಿ ಮಾಡಿದ ಆರು ವಿಮಾನಗಳನ್ನು ಪ್ಲಾಸ್ಟಿಕ್ ಕಿಟ್ಟುಗಳಿಂದ ಕಟ್ಟಿ, ಬಾಲದ ನಂಬರಿನ ಸಮೇತ ಚಾವಡಿಯಲ್ಲಿ ಸಾಲಾಗಿ ನಿಲ್ಲಿಸಬೇಕು ಎಂಬುದೊಂದೇ ಅವರ ಆಸೆ. ಒಂದೊಂದೂ ಗೇಣಿನ ಮೇಲೆ ನಾಲ್ಕು ಬೆರಳು ಉದ್ದ. ಒಂದನ್ನು ಮುಗಿಸಿ ಇನ್ನೊಂದಕ್ಕೆ ಕೈ ಹಾಕುವ ಕ್ರಮ ಅವರದಲ್ಲ. ಆರಕ್ಕೂ ಒಂದೇ ದಿನ ರೆಕ್ಕೆ, ಆರಕ್ಕೂ ಒಂದೇ ದಿನ ಬಣ್ಣ. ಆರೂ ಸಿದ್ಧವಾಗದೆ ಯಾವುದೂ ಸಿದ್ಧವಲ್ಲ ಎಂದು ಅವರ ಹಳೆಯ ಮೇಲಧಿಕಾರಿ ಕಲಿಸಿದ್ದರು.

ಆರರಲ್ಲಿ ಭೇದ ಮಾಡಬಾರದು ಎಂದುಕೊಂಡರೂ ನಾಲ್ಕನೆಯದರ ಮೇಲೆ ಅಚ್ಚುತರಿಗೆ ಒಂದು ಹಿಡಿ ಪ್ರೀತಿ ಹೆಚ್ಚು. ಆ ನಂಬರಿನ ವಿಮಾನದಿಂದ ಇಳಿದ ಪೈಲಟ್ ಒಬ್ಬರು ಒಂದು ದಿನ ಬೆನ್ನು ತಟ್ಟಿ, "ಇವತ್ತು ಚೆನ್ನಾಗಿತ್ತು" ಎಂದಿದ್ದರು. ಇಪ್ಪತ್ತು ವರ್ಷದಲ್ಲಿ ಸಿಕ್ಕಿದ ಹೊಗಳಿಕೆ ಅದೊಂದೇ.

ಆಟಿ ತಿಂಗಳ ಜಡಿಮಳೆಯಲ್ಲಿ ಈ ಊರಿನಲ್ಲಿ ಬಟ್ಟೆಯೇ ಒಣಗುವುದಿಲ್ಲ, ವಿಮಾನದ ಬಣ್ಣ ಹೇಗೆ ಒಣಗೀತು? ಅಂಗಳದಲ್ಲಿ ಅಡಿಕೆ ಒಣಗಿಸಲು ಪೈಪು ನಿಲ್ಲಿಸಿ ಪ್ಲಾಸ್ಟಿಕ್ ಹೊದಿಸಿದ ಗೂಡು ಮಳೆಗಾಲದಲ್ಲಿ ಖಾಲಿ ಬಿದ್ದಿರುತ್ತದೆ. ಅಚ್ಚುತರು ಆರನ್ನೂ ಒಯ್ದು ಅಲ್ಲಿ ಸಾಲಾಗಿ ಇಟ್ಟರು.

ಬೆಳೆ ಸಮೀಕ್ಷೆಗೆ ಬಂದ ದೀಪ್ತಿ ಮೇಡಂ ಮಳೆಗೆ ಓಡಿ ಅದೇ ಗೂಡಿನೊಳಗೆ ನಿಂತರು. ಸರ್ವೆ ನಂಬರಿನ ಗಡಿಯೊಳಗೆ ನಿಂತೇ ಫೋಟೋ ತೆಗೆಯಬೇಕೆಂಬುದು ಮೊಬೈಲ್ ಆ್ಯಪಿನ ನಿಯಮ. ತೆಗೆದರು.

"ಅಚ್ಚುತಣ್ಣ, ಇದೆಂತ?"

"ವಿಮಾನ, ಮೇಡಂ. ಪೈಂಟ್ ಒಣಗ್ಲಿಕ್ಕೆ ಇಟ್ಟದ್ದು."

"ಹಾಗಾದ್ರೆ ಖಾಲಿ ಜಾಗ ಅಂತ ಹಾಕ್ತೇನೆ."

ಆ್ಯಪು ಒಪ್ಪಲಿಲ್ಲ. 'ಚಿತ್ರದಲ್ಲಿ ಸಾಲು ಕಂಡುಬಂದಿದೆ. ಬೆಳೆ ನಮೂದಿಸಿ' ಎಂದಿತು.

"ಅಡಿಕೆ ಅಂತ ಒತ್ತಿ ಮಾರಾಯ್ರೆ."

"ಸುಳ್ಳು ಒತ್ತಿದ್ರೆ ನನ್ನ ಕೆಲಸಕ್ಕೇ ಕುತ್ತು ಬರ್ತದೆ. ಹೋದ ವರ್ಷ ಒಬ್ರು ಬಾವಿಯನ್ನು ಬಾಳೆ ಅಂತ ಹಾಕಿ ಈಗ ಬೀದರಿನಲ್ಲಿದ್ದಾರೆ."

ದೀಪ್ತಿ ಮೇಡಂ ಪ್ರಾಮಾಣಿಕರು. 'ಇತರೆ' ಎಂಬಲ್ಲಿ ಒತ್ತಿ 'ಯುದ್ಧವಿಮಾನ, ಆರು' ಎಂದು ಬರೆದರು. ಆ್ಯಪಿನಲ್ಲಿ ಹಸಿರು ಗುರುತು ಬಂತು.

"ಇದನ್ನು ಮತ್ತೆ ತೆಗಿಲಿಕ್ಕೆ ಆಗುದಾ?" ಎಂದು ಅಚ್ಚುತರು ಕೇಳಿದರು.

"ಆಗ್ತದೆ. ಬೆಳೆ ಪೂರ್ತಿ ನಾಶ ಆದ ಫೋಟೋ ಹಾಕಬೇಕು."

ಅಚ್ಚುತರು ವಿಮಾನಗಳ ಕಡೆ ನೋಡಿ, ಗೂಡಿನ ಪ್ಲಾಸ್ಟಿಕ್ಕನ್ನು ಇನ್ನೂ ಸ್ವಲ್ಪ ಕೆಳಗೆ ಎಳೆದರು.

ಹದಿನೆಂಟನೇ ದಿನ ಪತ್ರ ಬಂತು. 'ಹೊಸ ಬೆಳೆಯಾದ್ದರಿಂದ ಇಳುವರಿ ತಿಳಿಯಲು ಬೆಳೆ ಕಟಾವು ಪ್ರಯೋಗ ನಡೆಸಲು ತೀರ್ಮಾನಿಸಲಾಗಿದೆ. ಆಯ್ಕೆಯಾದ ಗಿಡ, ಬಳ್ಳಿ ಅಥವಾ ವಿಮಾನವನ್ನು ಬುಡದಿಂದ ಕೊಯ್ದು, ಸಿಪ್ಪೆ ಬೇರ್ಪಡಿಸಿ, ಹಸಿ ತೂಕ ಬರೆದುಕೊಳ್ಳಲಾಗುವುದು. ಪ್ರಯೋಗಕ್ಕೆ ಮೊದಲು ಬೆಳೆಯನ್ನು ಸ್ಥಳಾಂತರಿಸಿದಲ್ಲಿ ಪೂರ್ತಿ ಬೆಳೆಯನ್ನು ವಶಕ್ಕೆ ಪಡೆಯಲಾಗುವುದು. ಯಾವ ಪಕ್ಷಪಾತವೂ ಇಲ್ಲದೆ ಅದೃಷ್ಟಕ್ಕೆ ಬಿಟ್ಟು ಆರಿಸಿದ ಸಂಖ್ಯೆ: ಸಾಲಿನ ಎಡದಿಂದ ನಾಲ್ಕು.'

ಅಚ್ಚುತರು ಪತ್ರವನ್ನು ಎರಡು ಸಲ ಓದಿದರು. ಅಂದು ಮಧ್ಯಾಹ್ನ ಊಟ ಸೇರಲಿಲ್ಲ.

"ಆರನೆಯದು ಅಂತ ಬಂದಿದ್ರೂ ನೀವು ಹೀಗೇ ಕೂತಿರ್ತಿದ್ರಿ. ಸಾರು ತಣೀತಾ ಉಂಟು," ಎಂದರು ಹೆಂಡತಿ ಶೀಲಾವತಿ.

ಪತ್ರದಲ್ಲಿ ತಿಳಿಸಿದ ದಿನವೇ ಇಲಾಖೆಯ ಜಯಪ್ರಕಾಶ್ ಅವರು ಕತ್ತಿ, ತಕ್ಕಡಿ, ಟೇಪು ಮತ್ತು ಕೊಯ್ದದ್ದು ಚೆಲ್ಲದಂತೆ ಹಾಸುವ ಒಂದು ಬಿಳಿ ಬಟ್ಟೆಯೊಂದಿಗೆ ಬಂದರು. ಅಡಿಕೆ ವ್ಯಾಪಾರದ ಮೂಸಕುಂಞಿಯವರು ಅಡಿಕೆಯ ದರ ಮಾತಾಡಲೆಂದು ಬಂದವರು ಸಾಕ್ಷಿಯಾಗಿ ಕೂತರು, ಏಕೆಂದರೆ ಪ್ರಯೋಗಕ್ಕೆ ಒಬ್ಬ ಸಾಕ್ಷಿ ಬೇಕು.

"ಸರ್, ಇದು ಪ್ಲಾಸ್ಟಿಕ್," ಎಂದರು ಅಚ್ಚುತ.

"ಅದು ತಳಿಯ ಹೆಸರಾ?"

"ಅಲ್ಲ ಸರ್. ಇದು ಬೆಳೆಯೇ ಅಲ್ಲ."

"ಅದನ್ನು ತೀರ್ಮಾನ ಮಾಡ್ಲಿಕ್ಕೇ ಪ್ರಯೋಗ ಮಾಡುದು," ಎಂದು ಜಯಪ್ರಕಾಶ್ ಕತ್ತಿ ಎತ್ತಿದರು. ಮುಖದಲ್ಲಿ ಸಿಟ್ಟಿಲ್ಲ. ಹಿಂದಿನ ದಿನ ಅವರು ಇದೇ ಕತ್ತಿಯಿಂದ ಭತ್ತ ಕೊಯ್ದಿದ್ದರು.

ಮೂಸಕುಂಞಿ ನಾಲ್ಕನೆಯದನ್ನು ಕೈಗೆತ್ತಿಕೊಂಡು, ಅಡಿಕೆಯನ್ನು ನೋಡುವ ಹಾಗೆ ತಿರುಗಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ ಕೆಳಗಿಟ್ಟರು.

"ಇದು ಬಲಿತಿಲ್ಲ ಸರ್. ಬಲಿಯದ್ದನ್ನು ಕೊಯ್ಯುವ ಕ್ರಮ ನಮ್ಮಲ್ಲಿಲ್ಲ."

ಜಯಪ್ರಕಾಶ್ ಕತ್ತಿ ಇಳಿಸಿ ಪುಸ್ತಕ ತೆರೆದರು. ಬಲಿಯದ ಬೆಳೆಯನ್ನು ಕೊಯ್ಯಕೂಡದು ಎಂದು ಏಳನೇ ನಿಯಮದಲ್ಲಿ ಇತ್ತು.

"ಬಲಿತದ್ದು ಗೊತ್ತಾಗುದು ಹೇಗೆ?"

"ಬಾಲದಲ್ಲಿ ನಂಬರ್ ಬರ್ತದೆ ಸರ್," ಎಂದರು ಅಚ್ಚುತ. ತನ್ನ ಬಾಯಿಂದ ಇಂಥ ಮಾತು ಬಂದದ್ದಕ್ಕೆ ಅವರಿಗೇ ನಾಚಿಕೆಯಾಯಿತು. ಆದರೆ ಜಯಪ್ರಕಾಶ್ ಅದನ್ನು ಬರೆದುಕೊಂಡರು. ಹದಿನೈದು ದಿನಗಳ ಕಾಲಾವಕಾಶ ಮಂಜೂರಾಯಿತು.

ಅವರ ಜೀಪು ತಿರುವು ದಾಟಿದ ಮೇಲೆ ಅಚ್ಚುತರು ಹಣೆ ಹಿಡಿದು ಕೂತರು. "ನಂಬರ್ ಅಂಟಿಸಿದ್ರೆ ಕೊಯ್ತಾರೆ ಮೂಸಾಕ. ಅಂಟಿಸದಿದ್ರೆ ನಾನು ಕಟ್ಟಿದ್ದು ಯಾಕೆ?"

"ಅವರಿಗೆ ನಿಮ್ಮ ವಿಮಾನದ ಮೇಲೆ ಎಂತ ದ್ವೇಷ ಉಂಟಾ?" ಎಂದು ಮೂಸಕುಂಞಿ ಕೇಳಿದರು.

"ಇಲ್ಲ."

"ಮತ್ತೆ ಅವರಿಗೆ ಬೇಕಾದ್ದು ಎಂತ?"

ಅಚ್ಚುತರು ಯೋಚಿಸಿದರು. ಅವರಿಗೆ ಬೇಕಾದ್ದು ಎಡದಿಂದ ನಾಲ್ಕನೆಯದು.

ಮರುದಿನ ತೋಟದಿಂದ ಅಡಿಕೆ ಸೋಗೆಯ ಬುಡದ ಹಾಳೆಗಳನ್ನು ಆರಿಸಿ ತಂದು ನೀರಲ್ಲಿ ನೆನೆಸಿ ಕತ್ತರಿಸಿದರು. ಒಳ್ಳೆಯ ಹಾಳೆ ಬಗ್ಗಿಸಿದ ಹಾಗೆ ಬಗ್ಗುತ್ತದೆ. ಹೊಟ್ಟೆ, ಎರಡು ರೆಕ್ಕೆ, ಒಂದು ಬಾಲ. ಕಿಟ್ಟುಗಳಲ್ಲಿ ಉಳಿದಿದ್ದ ಚಕ್ರ, ಮೇಲೆ ಬೂದು ಬಣ್ಣ. ರೆಕ್ಕೆ ಒಂದು ಕಡೆ ಜೋತಿತ್ತು. ಇಪ್ಪತ್ತು ವರ್ಷದ ಅಭ್ಯಾಸ ಕೈಯಲ್ಲಿ ತುರಿಸಿದರೂ ಅವರು ಅದನ್ನು ಸರಿ ಮಾಡಲಿಲ್ಲ. ಆಮೇಲೆ ಏಳಕ್ಕೂ ಒಂದೇ ದಿನ ನಂಬರ್ ಅಂಟಿಸಿ, ಹಾಳೆಯದನ್ನು ಎಡದಿಂದ ನಾಲ್ಕನೇ ಜಾಗದಲ್ಲಿ ಇಟ್ಟರು. ಹಳೆಯ ನಾಲ್ಕು ಐದಾಯಿತು.

ಹದಿನೈದನೇ ದಿನ ಜಯಪ್ರಕಾಶ್ ಬಂದು ಎಣಿಸಿದರು. "ಆರು ಇದ್ದದ್ದು ಏಳಾಗಿದೆ."

"ಈ ಸಲ ಮಳೆ ಒಳ್ಳೇದಿತ್ತಲ್ಲ ಸರ್," ಎಂದರು ಶೀಲಾವತಿ, ಬೆಲ್ಲದ ನೀರು ಕೊಡುತ್ತಾ.

ಅವರು ಅದನ್ನೂ ಬರೆದುಕೊಂಡರು. ಬಿಳಿ ಬಟ್ಟೆ ಹಾಸಿ ನಾಲ್ಕನೆಯದನ್ನು ಕೊಯ್ದರು. ಕತ್ತಿ ಸಲೀಸಾಗಿ ಹೋಯಿತು. ಒಳಗಿನ ನಾರು ನೋಡಿ ಅವರ ಮುಖದಲ್ಲಿ ಮೊದಲ ಬಾರಿಗೆ ನೆಮ್ಮದಿ ಕಂಡಿತು.

"ನೀವು ಬೆಳೆ ಅಲ್ಲ ಅಂತಿದ್ರಿ. ನಾರು ಉಂಟು, ತೇವ ಉಂಟು. ಇದಕ್ಕಿಂತ ಎಂತ ಬೇಕು?"

ಅಚ್ಚುತರು ಐದನೆಯದರ ಕಡೆ ನೋಡದಿರಲು ಆಕಾಶ ನೋಡುತ್ತಿದ್ದರು.

ಹಸಿ ತೂಕ ನೂರ ಎಂಬತ್ತು ಗ್ರಾಂ, ತೇವಾಂಶ ಶೇಕಡಾ ಮೂವತ್ತೆಂಟು. ವಿಮಾನದ ತಳಿ ಈ ಮಣ್ಣಿಗೆ ಹೊಂದಿಕೊಂಡಿದೆ, ಆದರೆ ಎಡ ರೆಕ್ಕೆ ಜೋಲುವ ರೋಗ ಕಂಡುಬಂದಿದ್ದು ಬೋರ್ಡೋ ದ್ರಾವಣ ಸಿಂಪಡಿಸಬಹುದು ಎಂದು ವರದಿ ಹೋಯಿತು. ಅದರ ಪ್ರತಿ ಬಂದ ದಿನ ಆರು ವಿಮಾನಗಳು ಚಾವಡಿಯಲ್ಲಿ ಸಾಲಾಗಿ ನಿಂತಿದ್ದವು. ಅಚ್ಚುತರು ಸಾಲಿನ ಎದುರು ಸ್ವಲ್ಪ ಹೊತ್ತು ನೆಟ್ಟಗೆ ನಿಂತು, ಆಮೇಲೆ ಕಾಫಿ ಕುಡಿದರು.

ಈಗ ಗ್ರಾಮದಲ್ಲಿ ಇನ್ನೂ ಒಂಬತ್ತು ಮನೆಯವರು ವಿಮಾನ ಬರೆಸಿದ್ದಾರೆ. ಬೋರ್ಡೋ ದ್ರಾವಣಕ್ಕೆಂದು, ಅಡಿಕೆಗೂ ಆಗುವ ಸುಣ್ಣ, ಮೈಲುತುತ್ತು ಪುಕ್ಕಟೆ ಹಂಚುತ್ತಾರಂತೆ ಎಂಬ ಸುದ್ದಿಯೇ ಕಾರಣ. ಮೂಸಕುಂಞಿಯವರು ಅಡಿಕೆಯ ಹಾಗೆ ವಿಮಾನದಲ್ಲೂ ಹಳತು, ಹೊಸತು ಎಂದು ಎರಡು ದರ್ಜೆ ಮಾಡಿದ್ದಾರೆ. ದೀಪ್ತಿ ಮೇಡಂ ಅವರ ಆ್ಯಪಿನಲ್ಲಿ ಈಗ 'ಇತರೆ' ಒತ್ತಬೇಕಾಗಿಲ್ಲ. ಶುಂಠಿಯ ಮೇಲೆ, ಮೆಣಸಿನ ಕೆಳಗೆ ಅದರ ಹೆಸರು ಬರುತ್ತದೆ.

ಮುಂದಿನ ಹಂಗಾಮಿನ ಪತ್ರ ಬಂದಿದೆ. ಅದೃಷ್ಟದ ಸಂಖ್ಯೆ ಎರಡು. ಅಚ್ಚುತರು ತೋಟದಲ್ಲಿ ಹದವಾದ ಹಾಳೆ ಹುಡುಕುತ್ತಿದ್ದಾಗ ಶೀಲಾವತಿ ಬುಟ್ಟಿ ಹಿಡಿದು ಜೊತೆಗೆ ಹೋದರು.

"ನಿಮಗೆಂತಕ್ಕೆ ಬೇಸರ? ತೆಂಗಿನಲ್ಲಿ ಮಂಗನಿಗೆ ಅಂತ ನಾಲ್ಕು ಬಿಡುದಿಲ್ವಾ ನಾವು? ಗೆಣಸಿನಲ್ಲಿ ಹಂದಿಗೆ ಬಿಡುದಿಲ್ವಾ? ಇದೂ ಹಾಗೇ."

"ಬೇಸರ ಎಂತದ್ದೂ ಇಲ್ಲ," ಎಂದರು ಅಚ್ಚುತ. "ಈ ಸಲ ರೆಕ್ಕೆ ಜೋಲದ ಹಾಗೆ ಮಾಡಬೇಕು. ಇಳುವರಿ ಕಡಿಮೆ ಬಂದ್ರೆ ಊರಿನ ಹೆಸರು ಹಾಳು."