ಲೆಕ್ಕದಲ್ಲಿ ದಡ ಸೇರಿದವಳ ಮನವಿ

ಟೊಬಾಗೊ ದ್ವೀಪದ ಸ್ಪೇಸೈಡ್ ಊರಿನ ‘ಹವಳದ ಹೂವು’ ಸಮುದ್ರ ವಿಹಾರ ಸಂಸ್ಥೆಯ ವ್ಯವಸ್ಥಾಪಕರಿಗೆ, ಟ್ರಿನಿಡಾಡಿನ ಸ್ಯಾನ್ ಫರ್ನಾಂಡೊದಿಂದ ನಿವೃತ್ತ ಗಣಿತ ಶಿಕ್ಷಕಿ ಯೂಲಿನ್ ಜೋಸೆಫ್ ಬರೆದುಕೊಳ್ಳುವುದು.

ಮಾನ್ಯರೇ,

ತಾವು ಕ್ಷೇಮ, ತಮ್ಮ ದೋಣಿ ಕ್ಷೇಮ, ದೋಣಿಯಲ್ಲಿ ಹೋದವರ ಪೈಕಿ ವಾಪಸು ಬಂದವರೆಲ್ಲರೂ ಕ್ಷೇಮವೆಂದು ನಂಬಿ, ಮೊದಲಿಗೆ ನನ್ನ ಸವಿನಯ ವಂದನೆಗಳನ್ನು ಸಲ್ಲಿಸುತ್ತೇನೆ. “ನಮ್ಮೊಂದಿಗೆ ತಾವು ಕಳೆದ ಬೆಳಗು ಹೇಗಿತ್ತು? ದಯವಿಟ್ಟು ವಿವರವಾಗಿ ಬರೆಯಿರಿ” ಎಂದು ಕೇಳಿ ತಾವು ಕಳುಹಿಸಿದ ಕಾಗದ ಮೊನ್ನೆ ಕೈಸೇರಿತು. ವಿವರಕ್ಕಾಗಿ ತಾವು ಎರಡು ಗೆರೆಯಷ್ಟು ಜಾಗವನ್ನು ಉದಾರವಾಗಿ ಬಿಟ್ಟಿದ್ದೀರಿ. ನನ್ನ ಬೆಳಗು ಅಷ್ಟರಲ್ಲಿ ಹಿಡಿಯದ ಕಾರಣ, ತಮ್ಮ ಮುಂದಿನ ಗಿರಾಕಿಗಳಿಗೂ ಉಪಯೋಗವಾಗಲೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ, ಮನ್ನಿಸಬೇಕು.

ನಾವು ಮೂವರು ಗೆಳತಿಯರು. ಮೂವರಿಗೂ ಅರವತ್ತು ದಾಟಿದೆ. ಒಬ್ಬಳು ದುಲಾರಿ ಮಹಾಬೀರ್, ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವಳು. ಇನ್ನೊಬ್ಬಳು ಮಾರ್ವಾ ಕ್ವಾಮಿನಾ, ಆಸ್ಪತ್ರೆಯ ಅಡುಗೆಮನೆಯಲ್ಲಿದ್ದು ನಿವೃತ್ತಳಾದವಳು. ಮಾರ್ವಾ ಮತ್ತು ನಾನು ಹದಿನೈದನೆಯ ವಯಸ್ಸಿನಿಂದ ಒಂದೇ ಸ್ಟೀಲ್ ಪ್ಯಾನ್, ಅಂದರೆ ಉಕ್ಕಿನ ಪೀಪಾಯಿ ವಾದ್ಯದ, ತಂಡದಲ್ಲಿ, ಮುಂದಿನ ಸಾಲಿನಲ್ಲಿ, ಮೊಣಕೈಗೆ ಮೊಣಕೈ ತಗುಲುವಷ್ಟು ಹತ್ತಿರ ನಿಂತು ಮೂವತ್ತೇಳು ವರ್ಷ ಬಾರಿಸಿದೆವು. ಹನ್ನೊಂದು ವರ್ಷದ ಹಿಂದೆ, ಕಾರ್ನಿವಲ್ಲಿನ ಪನೋರಮಾ ಸ್ಪರ್ಧೆಗೆ ಇನ್ನು ಮೂರೇ ವಾರ ಇರುವಾಗ, ಮಾರ್ವಾ ಒಂದು ಮಾತೂ ಹೇಳದೆ ತನ್ನ ಕೋಲುಗಳನ್ನು ಚೀಲಕ್ಕೆ ಹಾಕಿಕೊಂಡು ಎದುರು ತಂಡಕ್ಕೆ ಹೊರಟುಹೋದಳು. ಅವರು ಎರಡನೆಯವರಾದರು, ನಾವು ಏಳನೆಯವರಾದೆವು. ಅಂದಿನಿಂದ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಬಹುಮಾನದ ಕಪ್ಪಿನ ಆಸೆಗೆ ತಂಡ ಬಿಟ್ಟವಳೆಂದು ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ದುಲಾರಿ ಹನ್ನೊಂದು ವರ್ಷ ನಮ್ಮಿಬ್ಬರ ಮನೆಗೂ ಬೇರೆ ಬೇರೆಯಾಗಿ ಬಂದು ಹೋಗಿ ದಣಿದಿದ್ದಳು. ಹವಳ ನೋಡೋಣ, ನೀರಲ್ಲಿ ಮುಳುಗೋಣ, ಐದು ದಿನ ಟೊಬಾಗೊಗೆ ಹೋಗೋಣವೆಂದು ಇಬ್ಬರನ್ನೂ ಬೇರೆ ಬೇರೆಯಾಗಿಯೇ ಒಪ್ಪಿಸಿದಳು. ಹಡಗು ಹತ್ತಿದ ಮೇಲೆ ನಾನು ಮಾರ್ವಾಳನ್ನು ನೋಡಿದೆ.

“ಇವಳೂ ಬರ್ತಾಳೆ ಅಂತ ಯಾಕೆ ಹೇಳ್ಲಿಲ್ಲ?” ಎಂದು ದುಲಾರಿಯನ್ನು ಹಿಡಿದು ಕೇಳಿದೆ.

“ಹೇಳಿದ್ರೆ ನೀನು ಬರ್ತಿದ್ಯಾ?”

“ಇಲ್ಲ.”

“ಅದಕ್ಕೇ. ತಗೋ, ರೊಟ್ಟಿ ತಿನ್ನು.”

ಮೊದಲ ಎರಡು ದಿನ ಒಂದೇ ಕೋಣೆಯಲ್ಲಿ ನಾನೂ ಮಾರ್ವಾಳೂ ದುಲಾರಿಯ ಮೂಲಕ ಮಾತಾಡಿದೆವು. “ಕಿಟಕಿ ಮುಚ್ಚೋಕೆ ಹೇಳು ಅವಳಿಗೆ.” “ಸೆಕೆ ಆಗುತ್ತೆ ಅಂತ ಹೇಳು ಅವಳಿಗೆ.” ಮೂರನೆಯ ಬೆಳಿಗ್ಗೆ ದುಲಾರಿ ತಮ್ಮ ಸಂಸ್ಥೆಯ ಬಾಗಿಲಿಗೆ ನಮ್ಮನ್ನು ಕರೆತಂದಳು. ಬಾಗಿಲ ಮೇಲೆ ದೊಡ್ಡದಾಗಿ ಬರೆದಿತ್ತು: ‘ಬನ್ನಿ, ಸಮುದ್ರದಲ್ಲಿ ನಿಮ್ಮನ್ನು ನೀವು ಮರೆಯಿರಿ.’ ನಮ್ಮನ್ನು ನಾವು ಮರೆಯಬೇಕೆಂಬುದು ಅರ್ಥವಾಯಿತು. ತಾವೂ ಮರೆಯುವಿರೆಂಬುದನ್ನು ಅದರ ಕೆಳಗೆ ಸಣ್ಣ ಅಕ್ಷರದಲ್ಲಾದರೂ ಬರೆಸಿದ್ದರೆ ಅನುಕೂಲವಾಗುತ್ತಿತ್ತು.

ದೋಣಿಯಲ್ಲಿ ನಾವು ಎಂಟು ಜನ ಪ್ರವಾಸಿಗಳು: ನಾವು ಮೂವರು, ಪೋರ್ಟ್ ಆಫ್ ಸ್ಪೇನಿನ ಗಂಡಹೆಂಡತಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಇಳಿಯುವ ಮೂವರು ಜರ್ಮನ್ನರು. ಜೊತೆಗೆ ತಮ್ಮ ಕ್ಯಾಪ್ಟನ್ ಸೆಲ್ವಿನ್ ಅವರು ಮತ್ತು ಒಬ್ಬ ಮಾರ್ಗದರ್ಶಿ. ದುಲಾರಿ ವಾಂತಿಯ ಹೆದರಿಕೆಗೆ ಒಂದರ ಬದಲು ಎರಡು ಮಾತ್ರೆ ನುಂಗಿ, ದೋಣಿ ಹೊರಡುವ ಮೊದಲೇ ಟವೆಲ್ ಹೊದ್ದು ಗೊರಕೆ ಹೊಡೆಯತೊಡಗಿದಳು. ಲಿಟ್ಲ್ ಟೊಬಾಗೊ ನಡುಗಡ್ಡೆಯ ಬಳಿ ನಿಂತಾಗ ತಮ್ಮ ಮಾರ್ಗದರ್ಶಿ ನನ್ನನ್ನೂ ಮಾರ್ವಾಳನ್ನೂ ನೋಡಿ, “ನೀವಿಬ್ರು ಜೋಡಿ. ಒಬ್ರ ಕಣ್ಣು ಇನ್ನೊಬ್ರ ಮೇಲೆ ಇರ್ಲಿ” ಎಂದರು. ಹನ್ನೊಂದು ವರ್ಷದಿಂದ ಮುಖ ತಿರುಗಿಸಿಕೊಂಡವರನ್ನು ಒಂದೇ ನೋಟದಲ್ಲಿ ಗುರುತಿಸಿ ಜೋಡಿ ಮಾಡಿದ ಅವರ ಕಣ್ಣಿಗೆ ನನ್ನ ನಮಸ್ಕಾರ. ಜೋಡಿಗೊಂದರಂತೆ ಹಗ್ಗ ಕಟ್ಟಿದ, ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ತೇಲುಬುರುಡೆಯನ್ನೂ, ಒಂದು ಸೀಟಿಯನ್ನೂ ಕೊಟ್ಟು, ಅವರು ಜರ್ಮನ್ನರ ಹಿಂದೆ ಆಳಕ್ಕೆ ಇಳಿದುಹೋದರು.

ನೀರಿನ ಬಗ್ಗೆ ನನಗೆ ಯಾವ ದೂರೂ ಇಲ್ಲ. ಮಾತು ಬಿಟ್ಟವರಿಗೆ ನೀರಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಬಾಯಲ್ಲಿ ಉಸಿರುಕೊಳವೆ ಇರುವಾಗ ಯಾರೂ ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಕಾರಿನಷ್ಟು ದೊಡ್ಡ ಹವಳದ ಗುಡ್ಡೆಯೊಂದರ ಮೇಲೆ ನೀಲಿ ಮೀನುಗಳು ಸಂತೆಗೆ ಬಂದವರಂತೆ ನುಗ್ಗಾಡುತ್ತಿದ್ದವು. ಅಷ್ಟರಲ್ಲಿ ಒಂದು ಆಮೆ ಬಂತು. ಮಾರ್ವಾ ಅದರ ಹಿಂದೆ ಹೊರಟಳು. ಹೋಗಬೇಡವೆಂದು ನಾನು ಸನ್ನೆ ಮಾಡಬಹುದಿತ್ತು, ಆದರೆ ಸನ್ನೆಯೂ ಮಾತೇ ಅಲ್ಲವೇ, ಮೊದಲು ಸೋಲುವವಳು ನಾನೇಕಾಗಬೇಕು? ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿದ್ದುದರಿಂದ ನಾನೂ ಹೊರಟೆ. ನಡುಗಡ್ಡೆಯ ಮೂಲೆ ತಿರುಗಿದ್ದೇ ತಡ ಸೆಳೆತ ನಮ್ಮಿಬ್ಬರನ್ನೂ ಎತ್ತಿಕೊಂಡಿತು. ತಲೆ ಎತ್ತಿ ನೋಡಿದರೆ ತಮ್ಮ ದೋಣಿ ದಡದ ಕಡೆಗೆ ಹೋಗುತ್ತಿತ್ತು, ಬಹಳ ಅಂದವಾಗಿ, ಹಿಂದೆ ಬಿಳಿ ನೊರೆ ಬಿಡುತ್ತ.

ತಮ್ಮ ಕ್ಯಾಪ್ಟನ್ನರು ಎಣಿಸದೆ ಹೊರಟರೆಂದು ನಾನು ಖಂಡಿತ ಹೇಳುವುದಿಲ್ಲ. ಎಣಿಸಿದರು. ಜರ್ಮನ್ನರು ಮೂರು, ಗಂಡಹೆಂಡತಿ ಎರಡು, ನಿದ್ದೆಯಲ್ಲಿದ್ದ ದುಲಾರಿ ಒಂದು, ಮಾರ್ಗದರ್ಶಿ ಒಂದು; ಕೊನೆಗೆ, ಯಾರನ್ನೂ ಬಿಟ್ಟುಹೋಗಬಾರದೆಂಬ ಕಾಳಜಿಯಿಂದ, ತಮ್ಮನ್ನು ತಾವೇ ಒಂದು. ಒಟ್ಟು ಎಂಟು. ಮೂವತ್ತೊಂದು ವರ್ಷ ಮಕ್ಕಳಿಗೆ ಕೂಡುವುದನ್ನು ಕಲಿಸಿದವಳಾಗಿ ಹೇಳುತ್ತೇನೆ, ಕೂಡಿದ್ದರಲ್ಲಿ ಒಂದು ತಪ್ಪೂ ಇಲ್ಲ.

ಹನ್ನೊಂದು ವರ್ಷದ ಮೇಲೆ ಮಾರ್ವಾ ನನ್ನೊಡನೆ ಆಡಿದ ಮೊದಲ ಮಾತು, “ದೋಣಿ ಎಲ್ಲೇ?”

“ನನ್ನ ಜೇಬಲ್ಲಿದೆ, ಕೊಡ್ಲಾ?”

“ನಾಲಿಗೆ ಹಾಗೇ ಇದೆ ನಿಂದು. ಸೀಟಿ ಊದು.”

ತಮ್ಮ ಸಂಸ್ಥೆಯ ಸೀಟಿಯನ್ನು ಊದಿದೆ. ಒಂದು ಗುಳ್ಳೆ ಬಂತು. ಮತ್ತೆ ಊದಿದೆ, ಇನ್ನೂ ಚಿಕ್ಕ ಗುಳ್ಳೆ ಬಂತು. ಮಾರ್ವಾ ನಕ್ಕಳು, ಉಪ್ಪುನೀರು ಕುಡಿದಳು, ಕೆಮ್ಮಿದಳು. ಅವಳ ಬಲಗಾಲಿನ ರಬ್ಬರ್ ರೆಕ್ಕೆಯ ಪಟ್ಟಿ ಕಿತ್ತು, ಅದು ನಮಗಿಂತ ಮುಂದೆ ತೇಲಿಕೊಂಡು ಹೋಯಿತು. ದಡ ಕಾಣಿಸುತ್ತಿತ್ತು, ಎಷ್ಟು ಕಾಲು ಬಡಿದರೂ ಅದು ಪಕ್ಕಕ್ಕೆ ಸರಿಯುತ್ತಿತ್ತೇ ಹೊರತು ಹತ್ತಿರ ಬರುತ್ತಿರಲಿಲ್ಲ. ಬಿಸಿಲು ನೆತ್ತಿ ಸುಡುತ್ತಿತ್ತು. ಒಂದು ಗಂಟೆ ಕಳೆಯಿತು. ಆಗ ನಾನು ಗಮನಿಸಿದೆ, ಮಾರ್ವಾ ಮತ್ತೆ ಮತ್ತೆ ಹಗ್ಗ ಬಿಡುತ್ತಿದ್ದಳು.

“ಹಗ್ಗ ಹಿಡ್ಕೊಳ್ಳೇ.”

“ಹಿಡ್ಕೊಂಡಿದೀನಿ.”

“ಇಲ್ಲ, ಬಿಡ್ತಿದೀಯ. ಗಟ್ಟಿಯಾಗಿ ಹಿಡಿ!”

“ಬೆರಳು ಮಡಚ್ತಿಲ್ಲ ಕಣೇ,” ಎಂದಳು. ಆಮೇಲೆ, “ನಿಂಗೆ ಗೊತ್ತಿದ್ದದ್ದೇ ಅಲ್ವಾ? ‘ಮಾರ್ವಾ ಕೈ ನಿಧಾನ ಆಗಿದೆ, ಮುಂದಿನ ಸಾಲಿಂದ ತೆಗೀರಿ’ ಅಂತ ತಂಡದ ಯಜಮಾನ್ರಿಗೆ ಹೇಳಿದೋಳು ನೀನೇ. ಗೋಡೆ ಆಚೆ ನಿಂತು ನಾನು ಚಹಾ ಕಾಯಿಸ್ತಿದ್ದೆ.”

ಮಾನ್ಯರೇ, ಆ ಹೊತ್ತಿನಲ್ಲಿ ತಮ್ಮ ದೋಣಿ ಬಾರದಿದ್ದರೂ ಚಿಂತೆಯಿಲ್ಲ, ನಾನು ಮುಳುಗಿಹೋದರೆ ಸಾಕೆನ್ನಿಸಿತು. ಆ ಮಾತನ್ನು ನಾನು ಆಡಿದ್ದು ನಿಜ. ಆಡಿದವಳು ನಾನೇ ಎಂಬುದನ್ನು ಬಿಟ್ಟು ಮಿಕ್ಕ ಕತೆಯನ್ನು ಹನ್ನೊಂದು ವರ್ಷ ಊರಿಗೆ ಹೇಳಿದ್ದೂ ನಿಜ.

“ಹೇಳಿದ್ದೆ,” ಎಂದೆ.

“ಕೈ ನಿಧಾನ ಆಗಿದ್ದು ನಿಜವೇ. ನನ್ನ ಕೈ ನಂಗೆ ಗೊತ್ತಿಲ್ವಾ? ನನ್ನ ಮುಖಕ್ಕೆ ಹೇಳ್ಬೇಕಿತ್ತು. ಆ ತಂಡದೋರು ಕೇಳಿದ್ರು, ‘ಮಾರ್ವಾ ತಾಂತಿ, ಹಿಂದಿನ ಸಾಲು ಆದ್ರೆ ಪರವಾಗಿಲ್ವಾ?’ ಅಂತ. ನನ್ನನ್ನ ಕೇಳಿದ್ರಲ್ಲ, ಅಷ್ಟು ಸಾಕಾಯ್ತು ನಂಗೆ.”

“ಧೈರ್ಯ ಸಾಲ್ಲಿಲ್ಲ ಮಾರ್ವಾ.”

“ಮಕ್ಕಳಿಗೆ ಬೆತ್ತ ತೋರಿಸೋಕೆ ಸಾಲ್ತಿತ್ತು.”

ನಾನು ಹಗ್ಗವನ್ನು ಅವಳ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದೆ. ಬಲಗೈಯ ಬೆರಳುಗಳು ಒಣಗಿದ ಶುಂಠಿಯ ಹಾಗೆ ಸೊಟ್ಟಗಾಗಿದ್ದವು; ಇಷ್ಟು ಹತ್ತಿರದಿಂದ ನೋಡಿ ಹನ್ನೊಂದು ವರ್ಷವಾಗಿತ್ತು. ಉಳಿದ ತುದಿಯನ್ನು ನನ್ನ ಕೈಗೆ ಕಟ್ಟಿಕೊಂಡು, “ತಪ್ಪಾಯ್ತು” ಎಂದೆ.

“ಏನಂದೆ? ಕಿವೀಲಿ ನೀರಿದೆ.”

“ತಪ್ಪಾಯ್ತು ಅಂದೆ.”

“ಕೇಳಿಸ್ತಿಲ್ಲ. ಜೋರಾಗಿ.”

“ತಪ್ಪಾಯ್ತು!”

“ಊರಿಗೆಲ್ಲ ಸುಳ್ಳು ಹೇಳ್ಕೊಂಡು ಬಂದೋಳು, ಊರಿಗೆ ಕೇಳಿಸೋ ಹಾಗೆ ಹೇಳು!”

ಇಡೀ ತರಗತಿಯನ್ನು ಸುಮ್ಮನಾಗಿಸುತ್ತಿದ್ದ ಗಂಟಲಿನಿಂದ ನಾನು “ತಪ್ಪಾಯ್ತು, ತಪ್ಪಾಯ್ತು” ಎಂದು ಸಮುದ್ರಕ್ಕೆಲ್ಲ ಕೇಳುವಂತೆ ಕೂಗಿದೆ. ಅಳುತ್ತಲೂ ಇದ್ದೆ, ಆದರೆ ಮುಖವೆಲ್ಲ ಒದ್ದೆಯಾಗಿದ್ದುದರಿಂದ ಅದನ್ನು ಸಾಬೀತು ಮಾಡಲಾರೆ. ಆ ಕೂಗು ಕೇಳಿಸಿದ್ದು ಓರ್ಮಂಡ್ ಎಂಬ ಬೆಸ್ತರಿಗೆ. ಅವರು ಎಂಜಿನ್ ನಿಲ್ಲಿಸಿ ಗಾಳ ಬಿಟ್ಟುಕೊಂಡು ಕೂತಿದ್ದರಂತೆ. ಅವರ ಚಿಕ್ಕ ದೋಣಿ ಅಲೆಯ ಆಚೆಯಿಂದ ತಲೆ ಎತ್ತಿತು.

“ಬೆಳಿಗ್ಗೆಯಿಂದ ಒಂದು ಮೀನೂ ಕಚ್ಚಿಲ್ಲ ತಾಂತಿ, ಈಗ ಗೊತ್ತಾಯ್ತು ಯಾಕೆ ಅಂತ,” ಎಂದರು ಓರ್ಮಂಡ್. “ಸಮುದ್ರದಲ್ಲಿ ಬಂದು ಜಗಳ ಆಡ್ತೀರಲ್ಲ, ಮನೇಲಿ ಜಾಗ ಇಲ್ವಾ?”

“ಜಗಳ ಮುಗೀತು. ಮೊದ್ಲು ಇವಳನ್ನ ಎತ್ತಪ್ಪ, ಕೈಗೆ ಹುಷಾರು,” ಎಂದೆ.

ಅತ್ತ ಜೆಟ್ಟಿಯಲ್ಲಿ ದೋಣಿ ಕಟ್ಟಿದಾಗಲೂ ದುಲಾರಿ ಮಾತ್ರೆಯ ಮಂಪರಿನಲ್ಲಿ ಮಲಗಿಯೇ ಇದ್ದಳು. ಮಲಗಲಿ ಪಾಪ ಎಂದು ತಮ್ಮವರು ಅವಳ ಮುಖಕ್ಕೆ ನೆರಳು ಮಾಡಿಟ್ಟು ಊಟಕ್ಕೆ ಹೋಗಿದ್ದರು. ಎಚ್ಚರವಾದಾಗ ಅವಳು ನಾವಿಬ್ಬರು ಎಲ್ಲೆಂದು ಕೇಳಿದಳು. ಕ್ಯಾಪ್ಟನ್ ಸೆಲ್ವಿನ್ನರು ಬಾಯಲ್ಲಿದ್ದ ಏಡಿಯ ಕಾಲನ್ನು ತೆಗೆಯದೆಯೇ, “ಎಲ್ಲಾ ಬಂದಿದಾರೆ ತಾಂತಿ, ಎಂಟಕ್ಕೆ ಎಂಟು” ಎಂದರಂತೆ. “ಹಾಗಾದ್ರೆ ಕರಿ ಅವರನ್ನ! ಇವತ್ತು ಅವರಿಲ್ದೆ ನಾನು ಮನೆಗೆ ಹೋದ್ರೆ ನನ್ನ ಹೆಸರು ದುಲಾರಿ ಅಲ್ಲ, ನಿನ್ನ ಹೆಸರು ಕ್ಯಾಪ್ಟನ್ ಅಲ್ಲ!” ಎಂದು ಅವಳು ಅವರ ತಟ್ಟೆಯನ್ನು ಎತ್ತಿ ನೀರಿಗೆ ಎಸೆದ ಮೇಲೆ ದೋಣಿ ಮತ್ತೆ ಹೊರಟಿತು. ಅದು ಜೆಟ್ಟಿ ದಾಟುವಷ್ಟರಲ್ಲಿ ಎದುರಿನಿಂದ ಓರ್ಮಂಡರ ದೋಣಿಯಲ್ಲಿ, ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಕೂತು ನಾವು ಬರುತ್ತಿದ್ದೆವು. ದುಲಾರಿ ನಮ್ಮನ್ನು ತಬ್ಬಿಕೊಳ್ಳಲಿಲ್ಲ. ಹಗ್ಗವನ್ನು ನೋಡಿ, ಜೆಟ್ಟಿಯ ಮೇಲೆ ಕೂತು, ಸೆರಗಿಲ್ಲದ್ದಕ್ಕೆ ಟವೆಲ್ಲಿನಲ್ಲೇ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು.

ದುಲಾರಿಯ ದೂರಿಗೆ ತಮ್ಮ ಕಚೇರಿ ಕೊಟ್ಟ ಉತ್ತರ ನನ್ನ ಮುಂದಿದೆ: “ದಾಖಲೆಯ ಪ್ರಕಾರ ಅಂದು ಎಂಟೂ ಪ್ರವಾಸಿಗಳು ಹನ್ನೊಂದು ನಲವತ್ತಕ್ಕೆ ಸುರಕ್ಷಿತವಾಗಿ ವಾಪಸಾಗಿದ್ದಾರೆ.” ದಾಖಲೆಯನ್ನು ಅನುಮಾನಿಸುವ ಅಧಿಕಾರ ನನಗಿಲ್ಲ. ಆದ್ದರಿಂದ ನನ್ನ ಮೊದಲ ವಿನಂತಿ: ಅಂದು ಹನ್ನೊಂದು ನಲವತ್ತಕ್ಕೆ ತಮ್ಮ ದೋಣಿಯಿಂದ ಇಳಿದ ಯೂಲಿನ್ ಜೋಸೆಫ್ ಎಂಬ ಹೆಂಗಸನ್ನು ದಯವಿಟ್ಟು ನನ್ನ ವಿಳಾಸಕ್ಕೆ ಕಳುಹಿಸಿಕೊಡಿ. ಬಿಸಿಲಿಗೆ ಸುಲಿಯದ ಚರ್ಮದ, ಉಪ್ಪು ಕುಡಿಯದ, ಸೇವೆಯಿಂದ ತೃಪ್ತಳಾದ ಅವಳನ್ನು ಕಾಣುವ ಆಸೆ ನನಗೆ ಬಹಳವಿದೆ. ಜೊತೆಗೆ ಇಳಿದ ಮಾರ್ವಾಳನ್ನು ತಾವೇ ಇಟ್ಟುಕೊಳ್ಳಬಹುದು; ನನಗೆ ಇರುವವಳೇ ಸಾಕು.

ಮುಂದಿನ ಜನಗಣತಿಗೆ ಕ್ಯಾಪ್ಟನ್ ಸೆಲ್ವಿನ್ನರನ್ನು ಸರ್ಕಾರಕ್ಕೆ ಎರವಲು ಕೊಡಬೇಕೆಂದೂ ಬೇಡುತ್ತೇನೆ. ಪ್ರತಿ ಮನೆಯಲ್ಲೂ ಅವರು ತಮ್ಮನ್ನೂ ಸೇರಿಸಿ ಎಣಿಸುವುದರಿಂದ ನಮ್ಮ ಚಿಕ್ಕ ದೇಶ ಒಂದೇ ವಾರದಲ್ಲಿ ದೊಡ್ಡದಾದೀತು. ಮುನಿಸಿಕೊಂಡವರಿಗಾಗಿಯೇ ತಾವೊಂದು ವಿಶೇಷ ವಿಹಾರ ಆರಂಭಿಸಬಹುದು. ಪಾರ್ಲಿಮೆಂಟಿನ ಎರಡೂ ಕಡೆಯವರನ್ನು ಜೋಡಿ ಮಾಡಿ, ಜೋಡಿಗೊಂದು ಬುರುಡೆ ಕೊಟ್ಟು, ಅದೇ ಮೂಲೆಯಲ್ಲಿ ಇಳಿಸಿ ಬನ್ನಿ. ಎಲ್ಲರನ್ನೂ ಓರ್ಮಂಡರೇ ಎತ್ತಬೇಕೆಂದು ನಾನು ಒತ್ತಾಯಿಸುವುದಿಲ್ಲ.

ಇಷ್ಟೂ ಆಗದಿದ್ದರೆ ಒಂದನ್ನಾದರೂ ಮಾಡಿ. ಜನರನ್ನು ತಲೆ ಎಣಿಸಿ ಹತ್ತಿಸಿಕೊಳ್ಳಬೇಡಿ. ಹೆಸರು ಹಿಡಿದು ಕೂಗಿ, ಬಾಯಿ ಬಿಟ್ಟು ಅವರು ‘ಇದ್ದೇನೆ’ ಎನ್ನುವವರೆಗೂ ಕಾಯಿರಿ. ಇದನ್ನು ನಾನು ನಗೆಯಾಡಲು ಬರೆಯುತ್ತಿಲ್ಲ.

ಮಾರ್ವಾ ಮರಳಿ ನಮ್ಮ ತಂಡಕ್ಕೆ ಬಂದಳೇ ಎಂದು ತಾವು ಕೇಳಬಹುದು. ಬರಲಿಲ್ಲ, ಎದುರು ತಂಡದಲ್ಲೇ ಇದ್ದಾಳೆ, ಹಿಂದಿನ ಸಾಲಿನಲ್ಲಿ. ಕಳೆದ ಮಂಗಳವಾರ ಅವರ ಅಭ್ಯಾಸಕ್ಕೆ ನಾನೇ ಹೋದೆ. ಅವರ ತಂಡದ ಅಂಗಳದಲ್ಲಿ ಎಲ್ಲರೂ ನನ್ನನ್ನು ಗುರಾಯಿಸುತ್ತಿದ್ದಾಗ, ಅವಳು ಬಾರಿಸುವುದನ್ನು ನಿಲ್ಲಿಸಿ, “ಇವಳು ಯೂಲಿನ್, ನನ್ನ ಗೆಳತಿ. ಏನೋ ಹೇಳೋಕೆ ಬಂದಿದಾಳೆ, ಕೇಳಿ” ಎಂದಳು. ಹೇಳಿದೆ. ಈ ಸಲ ಯಾರ ಕಿವಿಯಲ್ಲೂ ನೀರಿರಲಿಲ್ಲ.

ದಾಖಲೆಗಿಂತ ಎರಡೂವರೆ ಗಂಟೆ ತಡವಾಗಿ ದಡ ಕಂಡ,
ತಮ್ಮ ವಿಶ್ವಾಸಿ,
ಯೂಲಿನ್ ಜೋಸೆಫ್

ತಾ.ಕ.: ಓರ್ಮಂಡರ ದೋಣಿಗೆ ಬಾಗಿಲ ಮೇಲಿನ ಬರಹವಿಲ್ಲ, ಗೋಡೆಗೆ ನೇತುಹಾಕಿದ ಪ್ರಶಸ್ತಿಪತ್ರವೂ ಇಲ್ಲ. ನಮ್ಮಿಬ್ಬರನ್ನೂ ಎತ್ತಿ ಕೂರಿಸಿದ ಮೇಲೂ ಅವರು ಎಂಜಿನ್ ಶುರುಮಾಡಲಿಲ್ಲ, ಎದ್ದು ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, ನೀರಿನ ಸುತ್ತ ಒಮ್ಮೆ ನೋಡಿ, “ಇನ್ನೂ ಯಾರಾದ್ರೂ ಇದಾರಾ ತಾಂತಿ?” ಎಂದು ಕೇಳಿದರು. ಈ ಪ್ರಶ್ನೆಯನ್ನು ತಮ್ಮ ಸಂಸ್ಥೆ ಅವರಿಂದ ಕಲಿಯಬಹುದು. ಭಾನುವಾರ ಅವರು ಸಿಗುವುದಿಲ್ಲ, ಚರ್ಚಿಗೆ ಹೋಗುತ್ತಾರೆ.