ಹೊಳೆ ದಾಟಿದ ಬೆಕ್ಕು

ಕಂಡಕ್ಟರ್ ಕೆಲಸದಲ್ಲಿ ಕೆಲವು ಪ್ರಸಂಗಗಳು ಬೇಡವೆಂದರೂ ಬಂದು ಬಸ್ಸು ಹತ್ತುತ್ತವೆ, ಇಳಿಸುವುದು ನಮ್ಮ ಕೈಯಲ್ಲಿರುವುದಿಲ್ಲ. ಎಪ್ಪತ್ತರ ದಶಕದ ಕೊನೆ. ದಾವಣಗೆರೆಯಿಂದ ಹರಿಹರದ ಸೇತುವೆ ದಾಟಿ ಹೋಗುವ ಬಸ್ಸು ನನ್ನದು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಂದು ಮೆಮೊ ಆಗಲೇ ಬಂದಿತ್ತು. ಇನ್ನೊಂದು ಬಂದರೆ ಮನೆಗೆ ಹೋಗು ಎಂದು ಡಿಪೊ ಮ್ಯಾನೇಜರು ಹೇಳಿಟ್ಟಿದ್ದರು.

ಕುಂಬಳಕಾಯಿ

ನಮ್ಮ ಕಡೆ ಕಾಟ ಕೊಡುವ ಬೆಕ್ಕನ್ನು ಯಾರೂ ಕೊಲ್ಲುವುದಿಲ್ಲ. ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು. ಅದಕ್ಕೇ ಚೀಲಕ್ಕೆ ತುಂಬಿ ಹೊಳೆ ದಾಟಿಸುತ್ತಾರೆ. ನೀರು ದಾಟಿದ ಬೆಕ್ಕಿಗೆ ವಾಪಸ್ ದಾರಿ ತಿಳಿಯುವುದಿಲ್ಲವಂತೆ.

ಒಂದು ಬೆಳಿಗ್ಗೆ ಹತ್ತಿ ಗಿರಣಿಯ ಕೆಲಸಗಾರರೊಬ್ಬರು ಗೋಣಿಚೀಲ ತಬ್ಬಿಕೊಂಡು ಹತ್ತಿದರು. ಒಳಗೇನಿದೆ ಎಂದೆ. ಕುಂಬಳಕಾಯಿ ಎಂದರು. ಹರಿಹರ ಬರುವಷ್ಟರಲ್ಲಿ ಕುಂಬಳಕಾಯಿ ನಾಲ್ಕು ಸಲ ಮಿಯಾಂವ್ ಎಂದಿತು.

"ಬೀದಿ ಬೆಕ್ಕು ಕಣ್ರಿ. ಮನ್ಯಾಗ ಒಂದು ತೊಟ್ಟು ಹಾಲು ಉಳಿಸಲ್ಲ," ಎಂದು ಒಪ್ಪಿಕೊಂಡರು.

ಸೇತುವೆಯಾಚೆ ಇಳಿದು ಚೀಲ ಬಿಚ್ಚಿದರು. ಒಂದು ಕಿವಿ ಹರಿದ ಹೆಣ್ಣು ಬೆಕ್ಕು. ಅದಕ್ಕೆ ಕೈ ಮುಗಿದು, ವಾಪಸ್ ಹೋಗುವ ಬಸ್ಸಿಗೆ ಕಾಯುತ್ತ ನಿಂತರು. ಬೆಕ್ಕೂ ಅವರ ಪಕ್ಕದಲ್ಲೇ ಕಾಯುತ್ತ ನಿಂತಿತು.

ಕಿಟಕಿ ಸೀಟು

ಮೂರು ದಿನ ಬಿಟ್ಟು ಆಚೆ ದಂಡೆಯ ಅಜ್ಜಿಯೊಬ್ಬರು ಬುಟ್ಟಿಯಲ್ಲಿ ಬೆಕ್ಕನ್ನಿಟ್ಟುಕೊಂಡು ಹತ್ತಿದರು. ಅದೇ ಹರಿದ ಕಿವಿ. ಕೊರಳಲ್ಲಿ ಈಗ ಕರಿದಾರ, ಹಣೆಗೆ ಕುಂಕುಮ. ದಾವಣಗೆರೆಯಲ್ಲಿ ಮಗಳ ಮನೆಗೆ ಇಲಿ ಕಾಟವಂತೆ. ಇದು ಬೀದಿ ಬೆಕ್ಕಲ್ಲವೇ ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ.

"ಬೀದಿದು ಅನ್‌ಬ್ಯಾಡಪ್ಪ. ನಮ್ಮ ಲಕ್ಷ್ಮಿ ಅದು. ನಮ್ಮನಿಗೆ ಬಂದಾಗಿಂದ ಹೆಂಗೆ ಗುಂಡಗಾಗೈತೆ ನೋಡು. ಕಿಟಕಿ ಕಡೆ ಜಾಗ ಮಾಡಿಸು."

ಒಬ್ಬ ಗಂಡಾಳನ್ನು ಎಬ್ಬಿಸಿ ಲಕ್ಷ್ಮಿಯನ್ನು ಕೂಡಿಸಿದೆ. ಮಗಳ ಮನೆ ಗಿರಣಿಯವರ ಪಕ್ಕದ ಮನೆಯೇ ಎಂದು ಆಮೇಲೆ ತಿಳಿಯಿತು.

ವಾರಸುದಾರರು

ಮರುವಾರ ಗಿರಣಿಯವರು ಮತ್ತೆ ಚೀಲದೊಂದಿಗೆ ಬಂದರು. ಹೊಳೆ ದಾಟಿದ ಬೆಕ್ಕು ಹಾಲಿನ ಪಾತ್ರೆಗೇ ಬಂದು ಬಾಯಿ ಹಾಕಿದ್ದು ಕಂಡು ಅವರಿಗೆ ಜ್ವರ ಬಂದಿತ್ತಂತೆ. ಊರಿಗೆ ಹೊರಟ ಅಜ್ಜಿಯೂ ಅದೇ ಬಸ್ಸಿನಲ್ಲಿದ್ದರು. ಚೀಲದೊಳಗಿನ ದನಿ ಗುರುತು ಹಿಡಿದು, ನಮ್ಮ ಲಕ್ಷ್ಮಿಯನ್ನು ಕದ್ದೊಯ್ಯುತ್ತೀಯಾ ಎಂದು ಜಗಳಕ್ಕೆ ನಿಂತರು. ಮುಂದೆ ಕೂತಿದ್ದ ಪೊಲೀಸಪ್ಪ ಎದ್ದು ಬಂದು ಚೀಲ ಬಿಚ್ಚಿಸಿದ. ಪ್ರಾಣಿಗೆ ಹಿಂಸೆ ಕೊಟ್ಟರೆ ಕೇಸಾಗುತ್ತದೆ ಎಂದ. ಬೀದಿ ಬೆಕ್ಕಿಗೆಂಥ ಕೇಸು ಎಂದರು ಗಿರಣಿಯವರು.

"ಕಾನೂನಿನಾಗ ಮನೀದು, ಬೀದೀದು ಅಂತ ಇಲ್ರಿ. ಇದು ಯಾರ ಬೆಕ್ಕು ಹೇಳ್ರಿ, ಹೆಸರು ಬರ್ಕೊಳ್ತೀನಿ."

ಗಿರಣಿಯವರು ತಮ್ಮದಲ್ಲ ಎಂದರು. ಅಜ್ಜಿ ಲಕ್ಷ್ಮಿಯ ಮುಖವನ್ನೊಮ್ಮೆ ನೋಡಿ, ಈ ಬೆಕ್ಕನ್ನು ಜನ್ಮದಲ್ಲೇ ಕಂಡಿಲ್ಲ ಎಂದರು. ಪೊಲೀಸಪ್ಪ ಹರಿಹರದಲ್ಲಿ ಇಳಿದುಹೋದ. ಅವನ ಕೈಯಲ್ಲಿ, ಕಾಲು ಕಟ್ಟಿ ತಲೆಕೆಳಗಾಗಿ ಹಿಡಿದ ಎರಡು ಕೋಳಿ ಇದ್ದವು.

ಮೆಮೊ

ಬಸ್ಸಿನಲ್ಲಿ ಉಳಿದ ವಾರಸುದಾರರಿಲ್ಲದ ಸಾಮಾನನ್ನು ಡಿಪೊಗೆ ಒಪ್ಪಿಸದಿದ್ದರೆ ಮೆಮೊ. ಒಪ್ಪಿಸಿದೆ. ಗೋಣಿಚೀಲ ಒಂದು, ಬೆಕ್ಕು ಒಂದು ಎಂದು ಬರೆದು ಸಹಿ ಹಾಕಿ, ಕೆಲಸ ಉಳಿಯಿತು ಎಂದುಕೊಂಡು ಮನೆಗೆ ಹೋದೆ.

ನಾಲ್ಕನೇ ದಿನ ಮ್ಯಾನೇಜರು ಕರೆಸಿದರು.

"ನೀನು ಬರೆದದ್ದು ಒಂದು ಬೆಕ್ಕು. ಈಗ ಸ್ಟೋರಿನಾಗ ನಾಲ್ಕು ಅದಾವು. ಉಳಿದ ಮೂರನ್ನ ಟಿಕೆಟ್ಟಿಲ್ಲದೆ ಯಾಕ ಕರ್ಕೊಂಡು ಬಂದಿ?"

ಲಿಖಿತ ಉತ್ತರ ಕೊಡು ಎಂದರು. ಅಲ್ಲೇ ಕೂತು ಬರೆದೆ: ಮೂರೂ ಮಕ್ಕಳು ಮೂರು ವರ್ಷದೊಳಗಿನವು, ತಾಯಿಯ ಜೊತೆ ಬಂದಿವೆ, ಆದ್ದರಿಂದ ಟಿಕೆಟ್ ಇಲ್ಲ.

ಮ್ಯಾನೇಜರು ಬಹಳ ಹೊತ್ತು ನಿಯಮದ ಪುಸ್ತಕ ತಿರುವಿ, ಸರಿಯಿದೆ ಎಂದರು. ಆ ತಿಂಗಳೇ ನನ್ನನ್ನು ಕಾಯಂ ಮಾಡಿದರು. ಪುಣ್ಯಕ್ಕೆ, ತಾಯಿಗೆ ಟಿಕೆಟ್ ಹರಿದಿದ್ದೀಯಾ ಎಂದು ಕೇಳಲಿಲ್ಲ.