ಐದೂವರೆಯ ಬಸ್ಸು ಮತ್ತು ಮಾವನ ಬ್ಯಾಗುಗಳು

ಬುಧವಾರ, ಬೆಳಿಗ್ಗೆ ಆರೂಕಾಲು. ಅರವತ್ತರ ದಶಕ ಆಗಷ್ಟೇ ಶುರುವಾಗಿದ್ದ ಒಂದು ಚಳಿಗಾಲ. ಇಂಡಿ ಎಂಬ ಊರಿನಲ್ಲಿ ನಮ್ಮ ಸೋದರಮಾವನ ಮನೆಯ ಪಡಸಾಲೆ. ಹಾಜರಿದ್ದವರು ಮಾವ, ಅತ್ತೆ, ರಜೆಗೆ ಬಂದಿದ್ದ ನಾನು. ಇವರಲ್ಲದೆ ಗೂಟಕ್ಕೆ, ಕಿಟಕಿಯ ಸರಳಿಗೆ, ಕಂದೀಲು ತೂಗುಹಾಕುವ ಕೊಂಡಿಗೆ ಜೋತುಬಿದ್ದು ನಮ್ಮನ್ನೇ ನೋಡುತ್ತಿದ್ದ ಹೆಂಗಸರ ಚರ್ಮದ ಕೈಚೀಲಗಳು.

ಹೆಂಗಸರ ಕೈಚೀಲಗಳಲ್ಲಿ ನಮ್ಮ ಮಾವನಷ್ಟು ಕೈಯಾಡಿಸಿದ ಗಂಡಸು ಇಂಡಿಯಿಂದ ಮುದ್ದೇಬಿಹಾಳದವರೆಗೆ ಹುಡುಕಿದರೂ ಇನ್ನೊಬ್ಬ ಸಿಗುವುದಿಲ್ಲ. ಹಾಗೆಂದು ಆತ ಜೇಬುಗಳ್ಳನಲ್ಲ! ಕೋರ್ಟಿನಲ್ಲಿ ಕಾರಕೂನನಾಗಿ ನಿವೃತ್ತನಾದ, ಹಣೆಯ ವಿಭೂತಿ ಎಂದೂ ಅಳಿಸದ ಸಂಭಾವಿತ. ಸೊಲ್ಲಾಪುರದ ಹಳೇ ಸಾಮಾನಿನ ಬಜಾರಿನಿಂದ ಯಾರ್ಯಾರೋ ಬಿಟ್ಟ ಬ್ಯಾಗುಗಳನ್ನು ಕೊಂಡುತಂದು, ಮನೆಯಲ್ಲೇ ತೊಳೆದು, ಹರಿದದ್ದು ಹೊಲಿದು, ಬಣ್ಣ ಬರಿಸಿ ಹೊಸದರಂತೆ ಮಾಡುವುದು ಆತನ ಚಟ. ಕೆಲವರಿಗೆ ತಂಬಾಕಿನ ಚಟ, ಕೆಲವರಿಗೆ ಇಸ್ಪೀಟಿನ ಚಟ. ತಂಬಾಕನ್ನಾದರೂ ಉಗುಳಬಹುದು. ಹಳೆಯ ಚರ್ಮದ ವಾಸನೆಯನ್ನು ಎಲ್ಲಿಗೆ ಉಗುಳುವುದು?

"ಇವತ್ತು ಸಂಜಿ ಐದೂವರಿ ಬಸ್ಸಿನೊಳಗ ಇವು ಮನಿ ಬಿಟ್ಟು ಹೋಗಬೇಕು," ಎಂದು ಅತ್ತೆ ಕಸಬರಿಗೆ ಹಿಡಿದ ಕೈಯನ್ನು ಬ್ಯಾಗುಗಳತ್ತ ಚಾಚಿದಳು. "ಇಲ್ಲಂದ್ರ ಅದ ಬಸ್ಸಿಗೆ ನಾನು ಆಲಮೇಲಕ್ಕ ಹೊಕ್ಕೇನಿ. ತಿರುಗಿ ಬರಂಗಿಲ್ಲ, ಹೇಳಿಬಿಟ್ಟೇನಿ."

ಆಲಮೇಲ ಅತ್ತೆಯ ತವರು. ಈ ಮಾತು ಸೋಮವಾರವೇ ಹೊರಬಿದ್ದಿತ್ತು. ಆದರೆ ಮಂಗಳವಾರ ಮನೆಯ ಹೆಣ್ಣುಮಗಳು ಹೊಸ್ತಿಲು ದಾಟಿ ಹೋಗಬಾರದೆಂದು ಸಿಟ್ಟನ್ನು ಒಂದು ದಿನ ಮುಂದೆ ಹಾಕಿದ್ದಳು. ಸಿಟ್ಟಿಗೂ ಪಂಚಾಂಗ ನೋಡುವ ಹೆಂಗಸು!

ಸೋಮವಾರ ಅಂಥದ್ದೇನಾಯಿತು? ಹೇಳುತ್ತೇನೆ. ಅದಕ್ಕೂ ಮೊದಲು ಮಾವನ ಕೆಲಸದ ರೀತಿ ನಿಮಗೆ ತಿಳಿಯಬೇಕು. ಎಲ್ಲಕ್ಕೂ ಒಂದು ಕ್ರಮ ಬೇಡವೇ? ನಾನು ಮಾಸ್ತರಿಕೆಯ ಟ್ರೇನಿಂಗ್ ಕಾಲೇಜಿನಲ್ಲಿ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ಕಣ್ಣು ಮುಚ್ಚಿದವನು. ಕನಸು ಬೀಳಲು ಮಾತ್ರ ಗಂಟೆ ಹೊಡೆಯುತ್ತಿರಲಿಲ್ಲ.

ಮಾವನ ಸಾಮಾನೆಲ್ಲ ಬರುತ್ತಿದ್ದುದು ಅತ್ತೆಯ ಭಂಡಾರದಿಂದ. ಕೊಳೆ ತೆಗೆಯಲು ಆಕೆ ತಲೆ ತೊಳೆಯಲೆಂದು ಇಟ್ಟ ಅಂಟವಾಳದ ನೊರೆ. ಹಿತ್ತಾಳೆಯ ಕೊಂಡಿ ಬೆಳಗಲು ಸಾರಿನ ಹುಣಸೆಹಣ್ಣು. ಒಳಗಿನ ಅಸ್ತರಕ್ಕೆ ಆಕೆಯ ಹಳೆಯ, ಒಮ್ಮೊಮ್ಮೆ ಅಷ್ಟೇನೂ ಹಳೆಯದಲ್ಲದ, ಕುಪ್ಪಸ. ಕೊನೆಗೆ ಔಡಲೆಣ್ಣೆಯಲ್ಲಿ ಜೇನುಮೇಣ ಕರಗಿಸಿ, ಅದನ್ನು ಗಂಟೆಗಟ್ಟಲೆ, ಬಟ್ಟೆಯಿಂದಲ್ಲ, ಬರಿಗೈಯಿಂದ ತಿಕ್ಕಬೇಕು.

"ಅರಿವಿಲೆ ತಿಕ್ಕಿದ್ರ ಚರ್ಮಕ್ಕ ತಿಳಿಯಂಗಿಲ್ಲೋ ಮಾಸ್ತರ. ಕೈಲೆ ತಿಕ್ಕಿದ್ರ ತಿಳಿತೈತಿ," ಎಂದು ಮಾವ ನನಗೆ ಪಾಠ ಹೇಳುತ್ತಿದ್ದ.

"ಹೌದು, ತಿಳಿತೈತಿ!" ಒಳಗಿನಿಂದ ಅತ್ತೆಯ ದನಿ. "ನನ್ನ ಮಣಕಾಲು ನೋಯಾಕತ್ತು ಆರು ತಿಂಗಳಾತು. ಆ ಎಣ್ಣಿ ಒಂದಿನಾರ ಇಲ್ಲಿ ತಿಕ್ಕ್ಯಾರೇನು ಕೇಳು. ಅದಕ್ಕೂ ತಿಳಿತಿತ್ತು!"

ಒಮ್ಮೆ ಔಡಲೆಣ್ಣೆ ತೀರಿಹೋಯಿತು. ನಮ್ಮ ಸೀಮೆಯಲ್ಲಿ ಕುಸುಬಿ ಎಣ್ಣೆಗೇನು ಬರ? ರೊಟ್ಟಿಗೆ ಆಗುವ ಎಣ್ಣೆ ಬ್ಯಾಗಿಗೆ ಆಗದೇ ಎಂದು ಮಾವ ಧಾರಾಳವಾಗಿ ಕುಡಿಸಿದ. ಕುಸುಬಿ ಎಣ್ಣೆ ಹೊಟ್ಟೆಯೊಳಗೆ ಸಾಧು. ಗಾಳಿಗೆ ಬಿಟ್ಟರೆ ಮಾತ್ರ ಒಣಗುತ್ತ ಒಣಗುತ್ತ ಅಂಟಾಗಿಬಿಡುತ್ತದೆ. ಅಷ್ಟರಲ್ಲಿ ಆ ಬ್ಯಾಗು ಬಸವನ ಬಾಗೇವಾಡಿಯ ಸಾಲೆಯಲ್ಲಿ ಕಲಿಸುವ ಅಕ್ಕೋರೊಬ್ಬರ ಕೈ ಸೇರಿತ್ತು. ಮುಂದಿನ ಭಾನುವಾರ ಅಕ್ಕೋರು ಬಸ್ಸಿಳಿದು ನೇರವಾಗಿ ಮನೆಗೇ ಬಂದರು.

"ಏನ್ರೀ ಇದು, ಪ್ರಾರ್ಥನಾಕ್ಕ ಕೈ ಮುಗದ್ರ ಬ್ಯಾಗೂ ಕೂಡೇ ಮ್ಯಾಲ ಬರತೈತಿ. ಹುಡುಗ್ಯಾರು ನಗಾಕತ್ತಾರ!"

"ನಗಲಿ ಬಿಡ್ರಿ ಅಕ್ಕೋರ," ಮಾವ ಕದಲಲಿಲ್ಲ. "ಬಸ್ಸಿನ್ಯಾಗ ಕಳ್ಳ ಜಗ್ಗಿದ್ರ ಅವ ಅಳತಾನ, ನೋಡ್ರಿ!"

ಇಷ್ಟು ಬ್ಯಾಗು ತಯಾರಾದ ಮೇಲೆ ಮಾರಾಟವಾಗಿ ಮನೆ ಖಾಲಿಯಾಗಬೇಕಲ್ಲ ಎನ್ನುತ್ತೀರಾ? ಹೇಗಾಗಬೇಕು? ಕೊಳ್ಳಲು ಬಂದವರನ್ನು ಮಾವ ಸಾಕ್ಷಿಕಟ್ಟೆಗೆ ಹತ್ತಿಸಿಬಿಡುತ್ತಿದ್ದ. ನಿಮ್ಮ ಮನೆಯಲ್ಲಿ ಇಲಿ ಇವೆಯೇ? ಬಿಸಿಲಿಗೆ ಇಡುತ್ತೀರಾ? ಇದರೊಳಗೆ ಏನು ಹಾಕುತ್ತೀರಿ? ಒಂದು ಉತ್ತರ ತಪ್ಪಿದರೂ ಖಟ್ಲೆ ವಜಾ! ಜನ ಬರಿಗೈಯಲ್ಲಿ ಹೋಗುತ್ತಿದ್ದರು, ಬ್ಯಾಗು ಗೂಟಕ್ಕೇರುತ್ತಿತ್ತು, ಅತ್ತೆ ಊದಿನಕಡ್ಡಿ ಹಚ್ಚುತ್ತಿದ್ದಳು.

ಈಗ ಸೋಮವಾರಕ್ಕೆ ಬರೋಣ. ತೊಳೆದ ಬ್ಯಾಗು ಒಣಗುವಾಗ ಮುದುರಬಾರದೆಂದು ಒಳಗೆ ಏನಾದರೂ ತುಂಬಬೇಕಾಗುತ್ತದೆ. ಬುದ್ಧಿ ನೆಟ್ಟಗಿದ್ದವರು ರದ್ದಿ ಕಾಗದ ತುಂಬುತ್ತಾರೆ. ಮಾವ ಪಲ್ಯಕ್ಕೆ ಹಾಕುವ ಮಡಕೆ ಕಾಳು ತುಂಬಿದ. ಕಾಗದ ಮೂಲೆಗೆ ಹೋಗುವುದಿಲ್ಲ, ಕಾಳು ಹೋಗುತ್ತದೆ ಎಂಬುದು ಆತನ ವಾದ. ವಾದವೇನೋ ಸರಿ. ಆದರೆ ಕಂದು ಬಣ್ಣದ ಆ ದೊಡ್ಡ ಬ್ಯಾಗಿನೊಳಗೆ ಇನ್ನೂ ಹಸಿ ಇತ್ತು. ಎರಡು ದಿನ ಬಿಟ್ಟು ತೆರೆದು ನೋಡಿದರೆ ಕಾಳೆಲ್ಲ ಬೆಳ್ಳಗೆ ಬಾಲ ಬಿಟ್ಟು ಕೂತಿದ್ದವು! ಕಾಳು ಚೆಲ್ಲುವ ಮನೆಯೇ ಅದು? ಅತ್ತೆ ಮೊಳಕೆಗೆಂದು ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಕಾಳಿನೊಂದಿಗೆ ಮಾವ ಇವನ್ನೂ ಸದ್ದಿಲ್ಲದೆ ಕೂಡಿಸಿ ಕೈ ತೊಳೆದುಕೊಂಡ.

ಸೋಮವಾರ ಮಧ್ಯಾಹ್ನ ಪ್ರಸಾದಕ್ಕೆ, ಎಂದರೆ ಊಟಕ್ಕೆ, ಬಂದವರು ನಮ್ಮ ಓಣಿಯ ಜಂಗಮ ಅಯ್ಯನವರು. ಅತ್ತೆ ಬಿಸಿ ರೊಟ್ಟಿಯ ಜೊತೆ ಆ ಕಾಳಿನ ಉಸಳಿ ಬಡಿಸಿದಳು.

"ಏನ್ ರುಚಿ ಆಗೇತೆವ್ವ!" ಅಯ್ಯನವರು ಬೆರಳು ನೆಕ್ಕಿದರು. "ಎಲ್ಲೀ ಕಾಳು?"

"ನಮ್ಮ ಹೊಲದ್ದರಿ," ಅತ್ತೆ ಸೆರಗು ಸರಿಪಡಿಸಿಕೊಂಡಳು.

ಆಯುಷ್ಯವೆಲ್ಲ ಜನರ ಕೈಯಲ್ಲಿ ಪ್ರಮಾಣ ಮಾಡಿಸಿದ ಮಾವನಿಗೆ ಈ ಅರ್ಧ ಸತ್ಯ ಜೀರ್ಣವಾಗಲಿಲ್ಲ. "ಕಾಳು ಹೊಲದ್ದು, ಖರೆ ಐತ್ರಿ. ಆದ್ರ ಮೊಳಕಿ ನಮ್ಮ ಆ ಕಂದು ಬ್ಯಾಗಿಂದು!" ಎಂದು ಹೆಮ್ಮೆಯಿಂದ ಗೂಟದ ಕಡೆ ಕೈ ಮಾಡಿದ.

ಅತ್ತೆಯ ಕೈಯಿಂದ ಸವುಟು ಬಿತ್ತು. ಅಯ್ಯನವರ ತುತ್ತು ಗಾಳಿಯಲ್ಲೇ ನಿಂತಿತು. ಅವರು ಬ್ಯಾಗನ್ನು ನೋಡಿದರು, ತಾಟನ್ನು ನೋಡಿದರು, ಮತ್ತೊಮ್ಮೆ ಬ್ಯಾಗನ್ನು ನೋಡಿದರು.

"ಅರ್ಧ ಒಳಗ ಹೋಗೇತಿ," ಎಂದರು ಕೊನೆಗೆ. "ಉಳಿದರ್ಧ ಹೊರಗ್ಯಾಕ ಇರಬೇಕು? ಇನ್ನೊಂದು ಸವುಟು ಹಾಕವ್ವ."

ಅಯ್ಯನವರು ಕ್ಷಮಿಸಿದರು. ಅತ್ತೆ ಕ್ಷಮಿಸಲಿಲ್ಲ. ಆ ಸಂಜೆಯೇ ಬಸ್ಸಿನ ಮಾತು ಹುಟ್ಟಿತು.

ಮತ್ತೆ ಬುಧವಾರ. ಹತ್ತು ಗಂಟೆಗೆ ದೇವರೇ ಕಳಿಸಿದಂತೆ ಸಿಂದಗಿಯಿಂದ ಒಬ್ಬ ಗುತ್ತಿಗೆದಾರರ ಹೆಂಡತಿ ಬಾಡಿಗೆ ಮೋಟಾರಿನಲ್ಲಿ ಬಂದಿಳಿದರು. ಇದ್ದಷ್ಟೂ ಬ್ಯಾಗು ಒಮ್ಮೆಲೇ ಬೇಕಂತೆ, ನೆಂಟರಿಗೆಲ್ಲ ಹಂಚುತ್ತಾರಂತೆ! ಅತ್ತೆಯ ಮುಖ ಹುಣ್ಣಿಮೆಯಾಯಿತು. ಚಹಾಕ್ಕೆ ಏಲಕ್ಕಿ ಕುಟ್ಟುವ ಸದ್ದು ಪಡಸಾಲೆಗೆ ಕೇಳಿಸಿತು. ನಾನು ಬ್ಯಾಗುಗಳನ್ನು ಎತ್ತರದ ಪ್ರಕಾರ ಸಾಲಾಗಿ ತೂಗುಹಾಕಿದೆ.

"ಇದರಾಗ ಏನ್ ಹಾಕ್ತೀರಿ ಬಾಯಾರ?" ಮಾವ ಶುರು ಮಾಡಿಯೇಬಿಟ್ಟ.

"ಏನ್ ಹಾಕೋದ್ರಿ, ಪೌಡರ್ ಡಬ್ಬಿ, ಸೆಂಟಿನ ಶೀಸೆ..."

"ಶೀಸೆ ಸೋರತೈತ್ರಿ. ಅಸ್ತರ ಕರಿ ಆಕ್ಕೈತಿ."

"ಆದ್ರ ಒಗದು ಇನ್ನೊಂದು ತಗೊಳ್ಳೋದು. ಹಳೇ ಬ್ಯಾಗಲ್ರಿ, ಅದಕ್ಕೇನು!"

ಮುಗಿಯಿತು! ಮಾವ ಎದ್ದು ನಿಂತ. "ಚಾ ಕುಡದು ಹೋಗ್ರಿ ಬಾಯಾರ. ನಮ್ಮಲ್ಲಿ ಬ್ಯಾಗ್ ಇಲ್ಲ."

"ಅಯ್ಯ, ಕಣ್ಣಮುಂದ ಇಷ್ಟು ತೂಗಾಡಾಕತ್ತಾವಲ್ರಿ!"

"ಅವು ಬ್ಯಾಗ್ ಅಲ್ರಿ. ಬಾವಲಿ."

ಮೋಟಾರು ಹೋಯಿತು. ಏಲಕ್ಕಿಯ ಚಹಾ ನಾನೇ ಕುಡಿದೆ. ಅಡುಗೆಮನೆಯಲ್ಲಿ ಪಾತ್ರೆಗಳು ತಮ್ಮತಮ್ಮಲ್ಲೇ ಜಗಳಕ್ಕೆ ನಿಂತವು. ಬ್ಯಾಗುಗಳನ್ನು ದನದ ಕೊಟ್ಟಿಗೆಗೆ ಸಾಗಿಸೋಣ ಎಂದು ನಾನೊಂದು ರಾಜಿ ಸೂಚಿಸಿದೆ.

"ಎಮ್ಮಿ ನೆಕ್ಕತೈತೋ," ಎಂದ ಮಾವ.

"ನೆಕ್ಕಲಿ! ಅದಕ್ಕಾರ ರುಚಿ ತಿಳೀಲಿ!" ಎಂದಳು ಅತ್ತೆ.

ಮಾವ ಬ್ಯಾಗುಗಳನ್ನು ಅಂಗಳದಲ್ಲಿ ಒಣಹಾಕಿಸಿದ. ಮಧ್ಯಾಹ್ನ ಕಳೆಯಿತು. ಸಂಜೆ ಐದು ಹೊಡೆಯುವ ಹೊತ್ತಿಗೆ ಅತ್ತೆ ಇಳಕಲ್ ಸೀರೆ ಉಟ್ಟು, ಹಣೆ ತುಂಬ ಕುಂಕುಮ ಇಟ್ಟು, ಬಟ್ಟೆಯ ಗಂಟು ಹಿಡಿದು ಹೊರಬಂದಳು. ಮಾವ ಒಂದು ಸಣ್ಣ ಕಪ್ಪು ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ತಿಕ್ಕುತ್ತಲೇ ಇದ್ದ. ಬೆಳಗಿನಿಂದ ಆತ ಅದೊಂದನ್ನೇ ತಿಕ್ಕುತ್ತಿದ್ದುದು ನನಗೆ ಆಗ ಹೊಳೆಯಿತು. ಆತನ ಮುಖ ಯಾವತ್ತೂ ಅಷ್ಟು ಸಣ್ಣಗಾದದ್ದನ್ನು ನಾನು ನೋಡಿರಲಿಲ್ಲ.

"ರೊಟ್ಟಿ ಬುಟ್ಟ್ಯಾಗ ಅದಾವು," ಎಂದಳು ಅತ್ತೆ.

"ಹೂಂ."

"ಹಾಲು ಕಾಸಿಟ್ಟೇನಿ. ಬೆಕ್ಕು ಬರತೈತಿ, ಮುಚ್ಚಿಡ್ರಿ."

"ಹೂಂ."

"ಹೋಗಬ್ಯಾಡ ಅನ್ನಾಕ ಬಾಯಿಲ್ಲ, ಬರೇ ಹೂಂ ಅಂತಾರ ನೋಡೋ ತಮ್ಮಾ!" ಎಂದು ನನಗೆ ಹೇಳುತ್ತ ಆಕೆ ಹೊಸ್ತಿಲಿನತ್ತ ತಿರುಗಿದಳು. ಬಾಗಿಲಲ್ಲಿ ಯಾರೋ ಕೆಮ್ಮಿದರು.

ಹಿಂದಿನ ಓಣಿಯ ಸೈಕಲ್ ಅಂಗಡಿಯ ಚಾಚಾ. ಆತನ ಬೆನ್ನ ಹಿಂದೆ, ತಲೆಯ ಮೇಲೆ ಸೆರಗು ಹೊದ್ದ ನಡುವಿನ ಮಗಳು.

"ಕಾರಕೂನ ಸಾಹೇಬ್ರ, ಮಗಳಿಗೆ ಮುದ್ದೇಬಿಹಾಳದ ಸಾಲ್ಯಾಗ ನೌಕರಿ ಆಗೇತ್ರಿ. ನಾಳೆ ಮೊದಲ್ನೇ ಬಸ್ಸಿಗೆ ಹೊಂಟಾಳ. ನಮ್ಮ ಮನ್ಯಾಗ ಊರು ಬಿಟ್ಟು ನೌಕರಿಗೆ ಹೋಗೋ ಹೆಣ್ಣಮಗಳು ಇಕಿನ ಮೊದಲ್ನೇದಾಕಿ. ಒಂದು ಬ್ಯಾಗ್ ಇರಲಿ ಅಂತ..."

ಚಟವೆಂದರೆ ಚಟ. ಹೆಂಡತಿ ಮನೆ ಬಿಡುತ್ತಿದ್ದರೂ ಮಾವನ ಬಾಯಿಂದ ಸವಾಲು ತಾನಾಗಿಯೇ ಹೊರಟಿತು. "ಇದರಾಗ ಏನ್ ಹಾಕ್ತೀಯವ್ವ?"

ಹುಡುಗಿ ತಂದೆಯ ಮುಖ ನೋಡಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಗೊತ್ತಿಲ್ರಿ ಕಾಕಾ. ಐದು ಮಂದಿ ಅಕ್ಕತಂಗ್ಯಾರು ಅದೇವ್ರಿ. ಬಾಚಣಿಕಿ ಒಂದ, ಕನ್ನಡಿ ಒಂದ, ಪೆಟಿಗಿ ಒಂದ. ನನ್ನದು ಅಂತ ಹಾಕಾಕ ಇನ್ನಾ ಏನೂ ಇಲ್ರಿ."

ಮಾವನ ಕೈ ನಿಂತಿತು. ಆತ ಆ ಕಪ್ಪು ಬ್ಯಾಗನ್ನು ಪಂಚೆಯ ಅಂಚಿನಿಂದ ಒಮ್ಮೆ ಒರೆಸಿ ಮುಂದೆ ಚಾಚಿದ. "ತಗೋ ಮಗಳ. ನಂದು ಬ್ಯಾರೆ ಸವಾಲಿಲ್ಲ."

"ತಡೀರಿ!"

ಹೊಸ್ತಿಲಲ್ಲಿ ಅತ್ತೆಯ ಗಂಟು ಧಪ್ಪನೆ ನೆಲಕ್ಕೆ ಬಿತ್ತು.

"ಊರು ಬಿಟ್ಟು ಹೊಂಟೈತಿ ಕೂಸು. ಹೆಣ್ಣಮಗಳಿಗೆ ಖಾಲಿ ಚೀಲ ಕೊಟ್ಟು ಕಳಸತಾರೇನ್ರಿ? ಅಷ್ಟ್ ವರ್ಷ ಕೋರ್ಟಿನ್ಯಾಗ ಕುಂತು ಇಷ್ಟ ಏನು ಕಲತದ್ದು?"

ಮಾವನ ಕೈಯಿಂದ ಬ್ಯಾಗು ಕಸಿದುಕೊಂಡು ಆಕೆ ನೆಟ್ಟಗೆ ಅಡುಗೆಮನೆಗೆ ನಡೆದಳು. ಚರ್ಮದ ಬ್ಯಾಗಿನೊಡನೆ, ಅಡುಗೆಮನೆಗೆ! ನಾನೂ ಮಾವನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹೊರಬಂದಾಗ ಇನ್ನೊಂದು ಕೈಯಲ್ಲಿ ಮೊರ ಇತ್ತು. ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಬೆಲ್ಲದ ಹೆಂಟೆ. ಮನೆಯ ಮಗಳು ದೂರ ಹೊರಟಾಗ ನಮ್ಮ ಕಡೆ ಸೀರೆಯ ಮುಂಸೆರಗಿನಲ್ಲಿ ಇವನ್ನೆಲ್ಲ ಹಾಕಿ ಉಡಿ ತುಂಬುತ್ತಾರೆ. ಅತ್ತೆ ಮಣೆ ಹಾಕಿ, ಹುಡುಗಿಯನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಮಡಿಲಲ್ಲಿ ಬ್ಯಾಗನ್ನು ಬಾಯಿ ತೆರೆದು ಇಟ್ಟಳು.

"ಉಡಿ ಅಂದ್ರ ಉಡಿ. ಸೀರಿದಾದ್ರೇನು, ತೊಗಲಿಂದಾದ್ರೇನು?" ಎನ್ನುತ್ತ ಬೊಗಸೆಬೊಗಸೆಯಾಗಿ ತುಂಬತೊಡಗಿದಳು. "ಅಲ್ಲೆ ಹೋಗಿ ಮೊದಲ ಈ ಅಕ್ಕಿ ಮಾಡ್ಕೊಂಡು ಉಣ್ಣು. ಬೆಲ್ಲ ಸಾಲ್ಯಾಗಿನ ಹುಡುಗೂರಿಗೆ ಹಂಚು. ಕೊಬ್ಬರಿ ಮಾತ್ರ ಯಾರಿಗೂ ಕೊಡಬ್ಯಾಡ. ಅದು ನಿಂದ."

ಚಾಚಾ ಜೇಬಿಗೆ ಕೈ ಹಾಕಿದ. ಅತ್ತೆ ಕಣ್ಣು ಬಿಟ್ಟಳು. ಕೈ ಹಾಗೇ ಹೊರಬಂದು ತಲೆಯ ಮೇಲಿನ ಟೊಪ್ಪಿಗೆಯನ್ನು ಸರಿಪಡಿಸಿಕೊಂಡಿತು.

"ವೈನಿ..." ಎಂದ ಆತ. ಸ್ವಂತ ಅತ್ತಿಗೆಯನ್ನು ಕರೆದ ಹಾಗೆ.

ಹುಡುಗಿ ಬ್ಯಾಗಿನ ಕೊಂಡಿ ಹಾಕಿದಳು. ಟಕ್ ಎಂದಿತು. ಮತ್ತೆ ತೆರೆದು ಒಳಗೆ ನೋಡಿದಳು. ಮತ್ತೆ ಹಾಕಿದಳು. ಆಮೇಲೆ ಅದನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡು, ಬಾಗಿ ಅತ್ತೆಯ ಪಾದ ಮುಟ್ಟಿದಳು.

ಅವರು ಓಣಿಯ ತಿರುವು ದಾಟುವವರೆಗೂ ಅತ್ತೆ ಬಾಗಿಲಲ್ಲೇ ನಿಂತಿದ್ದಳು. ನಿಲ್ದಾಣದ ಕಡೆಯಿಂದ ಬಸ್ಸಿನ ಹಾರ್ನು ಕೇಳಿಸಿತು. ಒಮ್ಮೆ, ಇನ್ನೊಮ್ಮೆ, ಆಮೇಲೆ ದೂರದಿಂದ.

"ಬಸ್ಸು..." ಎಂದ ಮಾವ, ನೆಲ ನೋಡುತ್ತ.

"ಕಿವಿ ಅದಾವು ನನಗ," ಎಂದಳು ಅತ್ತೆ. ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಬಾಯಿ ತಕ್ಕೊಂಡು ಏನ್ ನಿಂತೀಯೋ ತಮ್ಮಾ? ಅಂಗಳದಾಗ ಒಣ ಹಾಕಿದ ಬ್ಯಾಗ್ ಒಳಗ ತಾ. ಇಬ್ಬನಿ ಬಿದ್ರ ಬೂಸು ಹಿಡಿತಾವು!"

ನಾನು ಅಂಗಳಕ್ಕೆ ಹೋಗಿ ಬ್ಯಾಗುಗಳನ್ನು ಒಂದೊಂದಾಗಿ ಒಳಗೆ ತಂದೆ. ಕಪ್ಪು ಬ್ಯಾಗಿನ ಗೂಟವನ್ನೂ ಕಂದೀಲಿನ ಕೊಂಡಿಯನ್ನೂ ಖಾಲಿ ಬಿಟ್ಟು ಉಳಿದವುಗಳನ್ನು ಅವುಗಳ ಜಾಗಕ್ಕೆ ತೂಗುಹಾಕಿದೆ. ಮಣೆಯ ಸುತ್ತ ಉದುರಿದ್ದ ಅಕ್ಕಿಕಾಳು ಆರಿಸಿ ಮೊರಕ್ಕೆ ಹಾಕಿದೆ. ಹೊಸ್ತಿಲ ಬಳಿ ಮಾವ ಚಕ್ಕಳಮಕ್ಕಳ ಕೂತು ಅತ್ತೆಯ ಬಟ್ಟೆಯ ಗಂಟು ಬಿಚ್ಚುತ್ತಿದ್ದ, ಮೇಣ ಮೆತ್ತಿದ ಬೆರಳು ಸೀರೆಗೆ ತಾಗದಂತೆ ಜೋಪಾನವಾಗಿ. ನಾನು ಕಂದೀಲು ಹಚ್ಚಿ ಕೊಂಡಿಗೆ ಹಾಕಿದೆ. ಆಗ ಏಳು ಗಂಟೆ.